ಕಾಡಂಚಿನ ಜ್ವರ: ಮಂಗನ ಕಾಯಿಲೆ, ಉಣುಗು ಮತ್ತು ನಾವು

(ಸಾಗರ ತಾಲ್ಲೂಕಿನ ಒಂದು ಊರಿನ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಾಡಿದ ಹಾಗೇ ಬರೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡಿಸೆಂಬರ್ ಬಂತು ಅಂದರೆ ನಮ್ಮ ಕಡೆ ಜ್ವರದ ಮಾತು ಶುರುವಾಗುತ್ತದೆ. ಆಚೆ ಊರಿನ ಬೆಟ್ಟದಲ್ಲಿ ಮಂಗ ಸತ್ತಿದೆಯಂತೆ, ಯಾರದೋ ರಕ್ತ ಶಿವಮೊಗ್ಗಕ್ಕೆ ಹೋಗಿದೆಯಂತೆ, ಆಶಾ ಕಾರ್ಯಕರ್ತೆ ಮೈಗೆ ಹಚ್ಚುವ ಎಣ್ಣೆ ಬಾಟಲಿ ಹಂಚುತ್ತಿದ್ದಾರಂತೆ. ಜೂನಿನಲ್ಲಿ ಮಳೆ ಹಿಡಿಯಿತೋ, ಎಲ್ಲ ಮರೆತು ಹೋಯಿತು. ಮುಂದಿನ ಡಿಸೆಂಬರಿಗೆ ಮತ್ತೆ ಅದೇ ಮಾತು, ಅದೇ ಗಾಬರಿ. ಹೀಗೆ 65 ವರ್ಷಕ್ಕೂ ಮೇಲಾಯಿತು.

ಮಂಗನ ಕಾಯಿಲೆ ಅನ್ನುವ ಈ ಜ್ವರಕ್ಕೆ ಏನು ಚಿಕಿತ್ಸೆ ಅನ್ನುವುದನ್ನು ಡಾಕ್ಟರುಗಳು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಹೇಳಬೇಕಿರುವುದು ಅದಕ್ಕೂ ಹಿಂದಿನ ಕತೆ. ಮನುಷ್ಯನ ಮೈಗೆ ಬರುವ ಮೊದಲು ಈ ವೈರಸ್ ಎಲ್ಲಿರುತ್ತದೆ? ಯಾರ ಮೈಯಲ್ಲಿ ಬದುಕುತ್ತದೆ? ಅಲ್ಲಿಂದ ನಮ್ಮ ಅಂಗಳಕ್ಕೆ ಯಾವ ದಾರಿಯಲ್ಲಿ ಬರುತ್ತದೆ? ನನ್ನ ಮಾತಿನ ಸಾರ ಮೊದಲೇ ಹೇಳಿಬಿಡುತ್ತೇನೆ. ಇದು ಕಾಡಂಚಿನ ರೋಗ. ಕಾಡು, ತೋಟ, ದನ, ಮನೆ ಇವೆಲ್ಲ ಒಂದಕ್ಕೊಂದು ತಾಗುವ ಜಾಗದಲ್ಲಿ ಇದು ಬಲಿಯುತ್ತದೆ. ಆ ಅಂಚನ್ನು ಮಾಡಿದವರು ನಾವು. ಅಲ್ಲಿ ಬದುಕುತ್ತಿರುವವರೂ ನಾವೇ. ಹಾಗಾಗಿ ಸುಮ್ನೆ ಮಂಗನನ್ನು ಬೈದು ಪ್ರಯೋಜನ ಇಲ್ಲ.

ಶುರುವಾಗಿದ್ದು ಇಲ್ಲೇ ಪಕ್ಕದಲ್ಲಿ. 1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಒಂದೆರಡಲ್ಲ, ಸಾಲು ಸಾಲಾಗಿ. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನರಿಗೆ ಜೋರು ಜ್ವರ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಈಗ ನಾವು ರಾಷ್ಟ್ರೀಯ ವೈರಾಣು ಸಂಸ್ಥೆ ಅನ್ನುತ್ತೇವಲ್ಲ, ಅದರ ಹಳೆಯ ರೂಪ ಅದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ್ದು. ಅಲ್ಲಿನವರಿಗೆ ಮೊದಲು ಹೊಳೆದದ್ದು ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗಲೂ ಮೊದಲು ಮಂಗಗಳೇ ಸಾಯುವುದು. ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ದೇಶದ ತುಂಬ ಇದೆ, ರೋಗ ಮಾತ್ರ ಬಂದಿಲ್ಲ. ಅದು ಬಂದೇಬಿಟ್ಟಿತಾ ಅಂತ ಎಲ್ಲರೂ ಹೆದರಿದ್ದರು. ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಅವರಿದ್ದ ತಂಡ ಬಂದು ನೋಡಿದರೆ ಇದು ಬೇರೆಯೇ. ಸತ್ತ ಮಂಗಗಳಲ್ಲಿ, ಕಾಯಿಲೆ ಬಿದ್ದ ಜನರಲ್ಲಿ, ಕಾಡಿನ ಉಣುಗುಗಳಲ್ಲಿ ಒಂದೇ ಹೊಸ ವೈರಸ್ ಸಿಕ್ಕಿತು. ಅದರ ಹತ್ತಿರದ ಸಂಬಂಧಿಗಳು ಆಗ ಗೊತ್ತಿದ್ದದ್ದು ರಷ್ಯಾದ ಚಳಿ ಕಾಡುಗಳಲ್ಲಿ!

ಸೈಬೀರಿಯಾದ ವೈರಸ್ಸಿನ ಬಂಧು ಸೊರಬದಲ್ಲಿ ಏನು ಮಾಡುತ್ತಿದೆ? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಜತೆ ಬಂದಿರಬಹುದು ಅಂತ ಒಂದು ಊಹೆ ಹುಟ್ಟಿತು. ಹಕ್ಕಿಗಳನ್ನು ಹಿಡಿದು ಕಾಲಿಗೆ ಬಳೆ ಹಾಕಿ ಬಿಡುವ ಪಕ್ಷಿತಜ್ಞ ಸಾಲಿಂ ಅಲಿಯವರ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಸಿಕ್ಕಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಆ ಊಹೆಗೆ ಗಟ್ಟಿ ಪುರಾವೆ ಸಿಗಲಿಲ್ಲ. ಮುಂದೆ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಅನ್ನುವ ವೈರಸ್ ಸಿಕ್ಕಿತು. ಅದು ನಮ್ಮದಕ್ಕೆ ಇನ್ನೂ ಹತ್ತಿರದ ಬಂಧು. ಏನೇ ಇರಲಿ, ಸುಮಾರು ಸಂಶೋಧಕರು ನಂಬುವುದು ಇಷ್ಟು: ವೈರಸ್ ನಮ್ಮ ಕಾಡಿನಲ್ಲಿ ಹಿಂದಿನಿಂದ ಸದ್ದಿಲ್ಲದೆ ಇತ್ತು, 1950ರ ದಶಕದಲ್ಲಿ ಸುತ್ತಲಿನ ಪರಿಸ್ಥಿತಿ ಬದಲಾಗಿ ಹೊರಗೆ ಬಿತ್ತು.

ಈಗ ಉಣುಗಿನ ವಿಷಯಕ್ಕೆ ಬರೋಣ. ಉಣ್ಣೆ ಅಂತಲೂ ಹೇಳುತ್ತೀರಿ. ನಾಯಿ ಮೈಮೇಲೆ ಉಬ್ಬಿಕೊಂಡು ಕೂರುವುದು ಎಲ್ಲರಿಗೂ ಗೊತ್ತು. ಈ ಕಾಯಿಲೆ ಹರಡುವುದು ಬಹುಮಟ್ಟಿಗೆ ಕಾಡಿನ ಬೇರೆ ಜಾತಿ, ಹೀಮಫೈಸಾಲಿಸ್ ಸ್ಪಿನಿಜೆರಾ ಅಂತ ಅದರ ಹೆಸರು. ಅದರ ಬದುಕು ಮೂರು ಊಟದ ಬದುಕು. ಮೊಟ್ಟೆಯಿಂದ ಬಂದ ಮರಿಗೆ ಆರು ಕಾಲು. ಅದು ಯಾವುದಾದರೂ ಪ್ರಾಣಿಯ ರಕ್ತ ಒಂದು ಸಲ ಹೊಟ್ಟೆ ತುಂಬ ಕುಡಿದು ಉದುರುತ್ತದೆ, ಎಲೆಗಳ ಅಡಿ ಸೇರಿ ಪೊರೆ ಬಿಟ್ಟು ಎಂಟು ಕಾಲಿನ ಎಳೆ ಉಣುಗು ಆಗುತ್ತದೆ. ಇದಕ್ಕೆ ನಿಂಫ್ ಅನ್ನುತ್ತಾರೆ. ಅದು ಇನ್ನೊಂದು ಪ್ರಾಣಿಯ ಮೇಲೆ ಎರಡನೇ ಊಟ ಮಾಡಿ ಉದುರಿ ಬಲಿತ ಉಣುಗು ಆಗುತ್ತದೆ. ಬಲಿತದ್ದು ಮೂರನೇ ಊಟಕ್ಕೆ ದೊಡ್ಡ ಪ್ರಾಣಿ ಹುಡುಕುತ್ತದೆ. ಹೆಣ್ಣು ರಕ್ತ ಕುಡಿದು ಉದುರಿ ತರಗೆಲೆ ಅಡಿಯಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಒಟ್ಟು ಸುಮಾರು ಒಂದು ವರ್ಷದ ಆಟ.

ಈ ಮೂರೂ ಹಂತ ಮಳೆಗಾಲಕ್ಕೆ ಹೊಂದಿಕೊಂಡಿವೆ. ಬಲಿತವು ಮಳೆ ತಿಂಗಳುಗಳಲ್ಲಿ ಜಾಸ್ತಿ. ಮಳೆ ಬಿಟ್ಟ ಮೇಲೆ, ಅಂದರೆ ದಸರಾ ದೀಪಾವಳಿ ಹೊತ್ತಿಗೆ, ಮರಿಗಳು ಏಳುತ್ತವೆ. ಡಿಸೆಂಬರಿನಿಂದ ಮೇ ತನಕ ನಿಂಫ್‌ಗಳ ಕಾಲ. ಜನರಿಗೆ ಕಚ್ಚುವುದು ಮುಖ್ಯವಾಗಿ ಈ ನಿಂಫ್. ಕಾಯಿಲೆಗೆ ಯಾಕೆ ಇಷ್ಟು ಸರಿಯಾಗಿ ಸೀಸನ್ ಇದೆ ಅಂತ ಕೇಳುತ್ತೀರಲ್ಲ, ಉತ್ತರ ಇದೇ.

ನಿಂಫ್ ಹತ್ತಿರದಿಂದ ನೋಡಿದವರು ಕಡಿಮೆ. ಎಳ್ಳಿಗಿಂತ ಚಿಕ್ಕದು. ಕಂದು ಬಣ್ಣ. ಈ ಜಾತಿಗೆ ಕಣ್ಣೇ ಇಲ್ಲ. ಅದು ನೆಲದ ಹತ್ತಿರದ ಒಂದು ಹುಲ್ಲಿನ ತುದಿಗೋ ಒಣ ಎಲೆಯ ಅಂಚಿಗೋ ಹತ್ತಿ, ಹಿಂದಿನ ಕಾಲುಗಳಲ್ಲಿ ಹಿಡಿದುಕೊಂಡು, ಮುಂದಿನ ಎರಡು ಕಾಲು ಗಾಳಿಯಲ್ಲಿ ಚಾಚಿ ನಿಲ್ಲುತ್ತದೆ. ಆ ಮುಂಗಾಲಿನ ತುದಿಯಲ್ಲಿ ಒಂದು ಪುಟ್ಟ ಗುಳಿ ಇದೆ. ನಿಮ್ಮ ಉಸಿರು, ಮೈ ಬಿಸಿ, ಬೆವರಿನ ವಾಸನೆ ಎಲ್ಲ ಅದಕ್ಕೆ ಅಲ್ಲಿ ಗೊತ್ತಾಗುತ್ತದೆ. ಹಾರಲು ಬರಲ್ಲ, ನೆಗೆಯಲೂ ಬರಲ್ಲ. ಕಾಯುವುದೊಂದೇ ಕೆಲಸ. ನೀವು ಹಾದು ಹೋಗುವಾಗ ಪಂಚೆ ಅಂಚೋ ಸೀರೆ ನೆರಿಗೆಯೋ ತಾಗಿದರೆ ಸಾಕು, ಹಿಡಿದುಕೊಂಡುಬಿಡುತ್ತದೆ. ಆಮೇಲೆ ನಿಧಾನಕ್ಕೆ ಹತ್ತಿ ಮೊಣಕಾಲ ಹಿಂದೆ, ಸೊಂಟದ ಪಟ್ಟಿ ಇರುವ ಕಡೆ, ಕಂಕುಳು, ಹೀಗೆ ಚರ್ಮ ಮೆತ್ತಗಿರುವಲ್ಲಿ ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಸಂಶೋಧಕರು ಇವನ್ನು ಹಿಡಿಯುವ ವಿಧಾನ ಬಹಳ ಸರಳ. ಬಿಳಿ ಫ್ಲಾನೆಲ್ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಾರೆ. ಆಗಾಗ ನಿಂತು ಬಟ್ಟೆ ತಿರುವಿ ನೋಡಿದರೆ ಚುಕ್ಕಿ ಚುಕ್ಕಿ. ದನ ಓಡಾಡುವ ದಾರಿ ಬದಿಯಲ್ಲಿ ಎಳೆದು ನೋಡಿ, ನೀವೇ ಬೆಚ್ಚಿ ಬೀಳುತ್ತೀರಿ.

ಹುಟ್ಟುವಾಗಲೇ ಉಣುಗಿನಲ್ಲಿ ವೈರಸ್ ಇರುತ್ತದೆ ಅನ್ನುವುದಕ್ಕೆ ಈ ಜಾತಿಯಲ್ಲಿ ಗಟ್ಟಿ ಪುರಾವೆ ಇಲ್ಲ. ಮರಿ ಮೊದಲ ಊಟ ಮಾಡುವಾಗ, ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ, ಅದು ಉಣುಗಿನ ಒಳಗೆ ಹೋಗಿ ಅಲ್ಲೇ ಉಳಿಯುತ್ತದೆ. ಪೊರೆ ಬಿಟ್ಟು ನಿಂಫ್ ಆದಾಗಲೂ ಇರುತ್ತದೆ. ಆ ನಿಂಫ್ ಕಚ್ಚಿದಾಗ ನಮಗೆ ಬರುತ್ತದೆ. ಹಾಗಾದರೆ ಮರಿ ಯಾರ ರಕ್ತ ಕುಡಿಯಿತು ಅನ್ನುವುದೇ ಮುಖ್ಯ ಪ್ರಶ್ನೆ, ಅಲ್ವಾ?

ಕಾಡಿನ ನೆಲದಲ್ಲಿ ಓಡಾಡುವ ಇಲಿ, ಸುಂಡಿಲಿ, ಅಳಿಲು, ಮುಳ್ಳುಹಂದಿ ಇವುಗಳಲ್ಲಿ ವೈರಸ್ ಸಣ್ಣ ಮಟ್ಟದಲ್ಲಿ ತಿರುಗುತ್ತಲೇ ಇರುತ್ತದೆ. ಬಹುಪಾಲು ಅವು ಕಾಯಿಲೆ ಬೀಳುವುದೂ ಇಲ್ಲ, ಸುದ್ದಿಯಾಗುವುದೂ ಇಲ್ಲ. ಆದರೆ ಇದೇ ವೈರಸ್ ಮುಸುವನಿಗೋ ಕೆಂಪು ಮೂತಿಯ ಮಂಗನಿಗೋ ಬಂದರೆ ಕತೆ ಬೇರೆ. ಅವುಗಳ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ. ಮೈಮೇಲೆ ಉಣುಗು ಬೇರೆ ತುಂಬಿರುತ್ತದೆ. ಮುಸುವ ಅಂತೂ ಬೇಗ ಸಾಯುತ್ತದೆ. ಸತ್ತು ಮೈ ತಣ್ಣಗಾದ ಮೇಲೆ ಉಣುಗುಗಳು ಅಲ್ಲೇ ಉದುರುತ್ತವೆ. ಅದರಲ್ಲಿ ಮರಿಗಳು ಜಾಸ್ತಿ ಇದ್ದವು ಅಂದುಕೊಳ್ಳಿ. ಅವು ಪೊರೆ ಬಿಟ್ಟು ನಿಂಫ್ ಆಗಲು ಕೆಲವು ವಾರ ಬೇಕು. ಅಂದರೆ ಮಂಗ ಸತ್ತ ದಿನಕ್ಕಿಂತ ಅದರ ಮುಂದಿನ ವಾರಗಳಲ್ಲಿ ಆ ಜಾಗ ಹೆಚ್ಚು ಅಪಾಯದ್ದು. ಹೆಣ ಎತ್ತಿ ಸುಟ್ಟಾಯಿತು, ಇನ್ನೇನೂ ಇಲ್ಲ ಅಂತ ಮಾರನೇ ದಿನ ಅಲ್ಲೇ ಸೊಪ್ಪಿಗೆ ಹೋಗುತ್ತೇವಲ್ಲ, ದಯವಿಟ್ಟು ಅದನ್ನು ಮಾಡಬೇಡಿ.

ಮಂಗ ನಮ್ಮ ಹಾಗೇ ಈ ಕಾಯಿಲೆಗೆ ತುತ್ತಾಗುವ ಪ್ರಾಣಿ. ನಮಗಿಂತ ಕಷ್ಟ ಅದಕ್ಕೇ ಜಾಸ್ತಿ. ಕಾಡಿನಲ್ಲಿ ವೈರಸ್ ಎದ್ದಿದೆ ಅನ್ನುವ ಸುದ್ದಿ ನಮಗೆ ಎಲ್ಲಕ್ಕಿಂತ ಮೊದಲು ಸಿಗುವುದು ಸತ್ತ ಮಂಗದಿಂದ. ಎಲ್ಲ ಸಲ ಸಿಗುವುದಿಲ್ಲ, ಒಂದೂ ಮಂಗ ಸತ್ತಿದ್ದು ಕಾಣದ ಊರಿನಲ್ಲೂ ಜನರಿಗೆ ಬಂದದ್ದಿದೆ. ಕಾಡೊಳಗೆ ಸತ್ತದ್ದನ್ನು ಯಾರು ನೋಡುತ್ತಾರೆ!

ಇನ್ನು ದನ. ಇದು ನಮ್ಮವರು ಕೇಳಲು ಇಷ್ಟಪಡದ ಭಾಗ, ಆದರೂ ಹೇಳಲೇಬೇಕು. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ದನದ ರಕ್ತದಿಂದ ಉಣುಗಿಗೆ ವೈರಸ್ ದಾಟುವಷ್ಟು ಅದು ಅಲ್ಲಿ ಬೆಳೆಯುವುದಿಲ್ಲ. ಹಾಗಾದರೆ ದನಕ್ಕೂ ಇದಕ್ಕೂ ಏನು ಸಂಬಂಧ? ಬಲಿತ ಉಣುಗಿನ ಮೂರನೇ ಊಟ ನೆನಪಿದೆಯಾ? ದೊಡ್ಡ ಪ್ರಾಣಿ ಬೇಕು ಅದಕ್ಕೆ. ಹಿಂದೆ ಕಾಡುಕೋಣ, ಕಡವೆ ಸಿಗುತ್ತಿದ್ದವು. ಈಗ ಕಾಡಂಚಿನಲ್ಲಿ ಅವುಗಳಿಗಿಂತ ಎಷ್ಟೋ ಪಟ್ಟು ನಮ್ಮ ದನಗಳಿವೆ. ಬೆಳಿಗ್ಗೆ ಕೊಟ್ಟಿಗೆಯಿಂದ ಬಿಟ್ಟರೆ ಬೆಟ್ಟಕ್ಕೆ, ಸಂಜೆ ವಾಪಸ್. ಒಂದು ಹೆಣ್ಣು ಉಣುಗಿಗೆ ಒಂದು ಹೊಟ್ಟೆ ತುಂಬ ರಕ್ತ ಸಿಕ್ಕರೆ ಸಾವಿರಾರು ಮೊಟ್ಟೆ ಅಂದೆನಲ್ಲ, ಆ ಲೆಕ್ಕದಲ್ಲಿ ಯೋಚನೆ ಮಾಡಿ. ವೈರಸ್ ಕೊಡದಿದ್ದರೂ ವೈರಸ್ ಹೊರುವ ಉಣುಗಿನ ಸಂತಾನವನ್ನು ದನ ಹೆಚ್ಚಿಸುತ್ತದೆ.

ಇದು ಹೊಸ ತಿಳಿವಳಿಕೆ ಅಲ್ಲ. ಹೋರ್ಹೆ ಬೋಶೆಲ್ ಅಂತ ಕೊಲಂಬಿಯಾದ ವೈದ್ಯ ವಿಜ್ಞಾನಿ, ತಮ್ಮ ದೇಶದಲ್ಲಿ ಕಾಡಿನ ಹಳದಿ ಜ್ವರದ ಮೇಲೆ ಕೆಲಸ ಮಾಡಿದವರು, ಇಲ್ಲಿಗೆ ಬಂದು ಈ ಕಾಡುಗಳನ್ನು ನೋಡಿ 1969ರಲ್ಲೇ ಬರೆದಿದ್ದರು. ಜನ ಹೆಚ್ಚಾದರು, ಗದ್ದೆಗೆ ಕಾಡು ಕಡಿದರು, ದನ ಕಾಡಂಚಿಗೆ ಬಂದವು, ಅದರಿಂದ ಉಣುಗು ಹೆಚ್ಚಾಯಿತು, ಇಲ್ಲಿಯ ತನಕ ಅಡಗಿದ್ದ ವೈರಸ್ಸಿಗೆ ದಾರಿ ಸಿಕ್ಕಿತು ಅನ್ನುವ ಅರ್ಥದ ಮಾತು. ಅರ್ಧ ಶತಮಾನ ಆಯಿತು. ಇವತ್ತಿಗೂ ನಾವು ಕಾಯಿಲೆ ಬಂದ ಮೇಲೆ ಉಣುಗು ಕೊಲ್ಲುವ ಪುಡಿ ಎರಚುವುದರಲ್ಲೇ ಇದ್ದೇವೆ. ನನಗೆ ಇದು ಬಹಳ ಬೇಸರದ ವಿಷಯ.

ಕಾಡು ಕಡಿದರೆ ಏನಾಗುತ್ತದೆ ಅನ್ನುವುದಕ್ಕೆ ಬೆಳ್ತಂಗಡಿಗಿಂತ ದೊಡ್ಡ ಉದಾಹರಣೆ ಬೇಡ. ಮೊದಲ ಹದಿನೈದು ವರ್ಷ ಕಾಯಿಲೆ ಹೆಚ್ಚು ಕಡಿಮೆ ಸಾಗರ, ಸೊರಬ, ಶಿಕಾರಿಪುರದ ಸುತ್ತ ಮುತ್ತ ಇತ್ತು. ಆಮೇಲೆ ಉತ್ತರ ಕನ್ನಡಕ್ಕೆ ಹೋಯಿತು. 1982ರ ಕೊನೆಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಎದ್ದಿತು. ನಿಡ್ಲೆ, ಪಟ್ರಮೆ ಕಡೆ ಗೇರು ತೋಪಿಗೋಸ್ಕರ ಹಳೆಯ ಕಾಡನ್ನು ಬೋಳಿಸಿದ್ದರು. ಕಡಿಯುವ ಕೆಲಸಕ್ಕೆ ಬಂದ ಕೂಲಿಯವರು ದಿನವಿಡೀ ಅದೇ ನೆಲದಲ್ಲಿ. 1983ರ ಒಂದೇ ಸೀಸನ್ನಿನಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತು, ಸುಮಾರು 150 ಜನ ಸತ್ತರು. ಮಂಗನ ಕಾಯಿಲೆಯ ಇತಿಹಾಸದಲ್ಲೇ ಇದಕ್ಕಿಂತ ಕೆಟ್ಟ ವರ್ಷ ಇಲ್ಲ.

ಕಾಡು ಕಡಿದ ಮೇಲೆ ವೈರಸ್ಸೂ ಹೋಗಬೇಕಿತ್ತಲ್ಲ ಅನಿಸಬಹುದು. ಹೋಗುವುದಿಲ್ಲ. ಪೂರ್ತಿ ಬಯಲಾದರೆ ಬೇರೆ ಮಾತು, ಆದರೆ ನಮ್ಮ ಕಡೆ ಯಾವತ್ತೂ ಪೂರ್ತಿ ಬಯಲಾಗುವುದಿಲ್ಲ. ಒಂದು ತುಂಡು ಕಾಡು ಉಳಿಯುತ್ತದೆ, ಪಕ್ಕದಲ್ಲಿ ತೋಟ, ಅದರ ಪಕ್ಕ ಅಕೇಶಿಯಾ ನೆಡುತೋಪು, ನಡುವೆ ಲಂಟಾನ ಪೊದೆ. ಲಂಟಾನ ಅಡಿಯಲ್ಲಿ ಇಲಿ ಹೆಗ್ಗಣಗಳಿಗೆ ಹೇಳಿ ಮಾಡಿಸಿದ ಜಾಗ. ಮಂಗಗಳಿಗೆ ಕಾಡಲ್ಲಿ ಹಣ್ಣು ಸಾಲದೆ ತೋಟಕ್ಕೆ ಬರುತ್ತವೆ. ದನ ಎಲ್ಲ ಕಡೆಯೂ ಮೇಯುತ್ತವೆ. ಬೇರೆ ಬೇರೆ ಇದ್ದವರನ್ನೆಲ್ಲ ಒಂದೇ ಅಂಗಳಕ್ಕೆ ಕರೆದ ಹಾಗಾಯಿತು.

ಕೆಲವು ವರ್ಷಗಳ ಹಿಂದೆ ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನಲ್ಲಿ ಪರಿಸರದ ಅಧ್ಯಯನ ಮಾಡುವ ಏಟ್ರೀ, ಪಶುರೋಗಗಳ ಅಧ್ಯಯನ ಮಾಡುವ ನಿವೇದಿ ಸಂಸ್ಥೆಗಳು ಮತ್ತು ಶಿವಮೊಗ್ಗದ ವೈರಸ್ ಪ್ರಯೋಗಾಲಯದವರು ಸೇರಿ ನಮ್ಮ ಜಿಲ್ಲೆಯ ಲೆಕ್ಕ ತೆಗೆದರು. ಎಲ್ಲೆಲ್ಲಿ ಜನರಿಗೆ ಕಾಯಿಲೆ ಬಂದಿದೆ, ಅಲ್ಲಿನ ಕಾಡು, ತೋಟ, ದನ ಎಷ್ಟಿವೆ ಅಂತ ನಕ್ಷೆಯ ಮೇಲೆ ಹೊಂದಿಸಿ ನೋಡಿದರು. 2020ರಲ್ಲಿ ಅದು ಪ್ರಕಟವಾಯಿತು. ಅಪಾಯ ಜಾಸ್ತಿ ಇರುವುದು ಹಸಿರು ಕಾಡು ಮತ್ತು ತೋಟಗಳು ಒಂದರೊಳಗೊಂದು ಕಲೆತಿರುವ, ನಾಟಿ ದನ ಹೆಚ್ಚಿರುವ ಕಡೆ ಅಂತ ಗೊತ್ತಾಯಿತು. ನೀವು ಈ ಸಭೆಗೆ ಬಂದ ದಾರಿಯನ್ನು ನೆನಪಿಸಿಕೊಳ್ಳಿ. ಹೀಗೇ ಇತ್ತು ಅಲ್ವಾ?

ಈ ನಡುವೆ ಕಾಯಿಲೆ ನಮ್ಮ ರಾಜ್ಯದ ಗಡಿಯನ್ನೂ ದಾಟಿತು. 2012ರಿಂದ ಈಚೆ ಬಂಡೀಪುರ, ತಮಿಳುನಾಡಿನ ನೀಲಗಿರಿ, ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ, ಹೀಗೆ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿದೆ. ಗೋವಾ, ಸಿಂಧುದುರ್ಗದಲ್ಲಿ ಸಿಕ್ಕಿಬಿದ್ದವರಲ್ಲಿ ಗೇರುಬೀಜ ಆರಿಸಲು ಹೋದವರು ಬಹಳ ಜನ. ಗೇರು ಉದುರುವ ತಿಂಗಳೂ ನಿಂಫ್ ತಿಂಗಳೂ ಒಂದೇ, ಮರದಡಿ ಬಗ್ಗಿ ಬಗ್ಗಿ ಆರಿಸುವುದೇ ಆ ಕೆಲಸ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಗೆ ಜನ ಸತ್ತದ್ದನ್ನು ನಿಮಗೆ ನಾನು ಹೇಳಬೇಕಿಲ್ಲ. ಈ ಸಭೆಯಲ್ಲೇ ತಮ್ಮವರನ್ನು ಕಳೆದುಕೊಂಡವರಿದ್ದೀರಿ.

ಮಲೇಷ್ಯಾದ ಒಂದು ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಇದು ನಮ್ಮೊಬ್ಬರ ಕತೆ ಅಲ್ಲ. ಅಲ್ಲಿ 1998ರಲ್ಲಿ ನಿಪಾ ಅನ್ನುವ ವೈರಸ್ ಕಾಯಿಲೆ ಮೊದಲು ಕಂಡದ್ದು. ದೊಡ್ಡ ದೊಡ್ಡ ಹಂದಿ ಸಾಕಣೆ ಕೇಂದ್ರಗಳು, ಅದರ ಪಕ್ಕದಲ್ಲೇ ಮಾವಿನ ಮರ. ಬಾವಲಿಗಳು ಹಣ್ಣು ತಿಂದು ಎಂಜಲು ಬೀಳಿಸಿದವು, ಹಂದಿ ತಿಂದವು, ಹಂದಿಯಿಂದ ಜನಕ್ಕೆ ಬಂತು. ನೂರಕ್ಕೂ ಹೆಚ್ಚು ಜನ ಸತ್ತರು. ಬಾವಲಿ ಅಲ್ಲಿ ಮೊದಲೂ ಇತ್ತು, ವೈರಸ್ಸೂ ಮೊದಲೂ ಇತ್ತು. ಮಾವು ಮತ್ತು ಹಂದಿಯನ್ನು ಒಂದೇ ಜಾಗದಲ್ಲಿ ಬೆಳೆಸಿದ್ದು ಹೊಸದು.

ವಾಪಸ್ ನಮ್ಮ ಊರಿಗೆ. ಸರ್ಕಾರದ ಕರಪತ್ರದಲ್ಲಿ ಮೊದಲ ಸಾಲು ಏನಿರುತ್ತದೆ? ಕಾಡಿಗೆ ಹೋಗಬೇಡಿ. ಯಾರಿಗೆ ಹೇಳುತ್ತಿದ್ದೀರಿ ಇದನ್ನು? ಅಡಿಕೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟ ಇದೆ, ಅಲ್ಲಿಂದ ಸೊಪ್ಪು ತರಗು ಬಂದರೆ ಕೊಟ್ಟಿಗೆಗೆ ಹಾಸು, ಹಾಸಿನಿಂದ ಗೊಬ್ಬರ, ಗೊಬ್ಬರದಿಂದ ತೋಟ. ತೋಟ ಇಲ್ಲದವರು ಆ ತರಗನ್ನು ಗುಡಿಸಿ ಹೊತ್ತು ತಂದುಕೊಟ್ಟು ಕೂಲಿ ಪಡೆಯುತ್ತಾರೆ. ಈ ಕೆಲಸ ನಡೆಯುವುದು ಎಲೆ ಒಣಗಿ ಉದುರಿದ ಮೇಲೆ, ಜನವರಿಯಿಂದ ಮಾರ್ಚ್. ನಿಂಫ್ ತುಂಬಿರುವ ತಿಂಗಳು ಅವೇ. ಹೆಂಗಸರು ಬೆಳಿಗ್ಗೆಯೇ ಹೋಗಿ ಬಗ್ಗಿ ಗುಡಿಸುತ್ತಾರೆ, ಕೈಯಿಂದ ಬಾಚಿ ಬುಟ್ಟಿಗೆ ಒತ್ತಿ ತುಂಬುತ್ತಾರೆ, ನೆಲದ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾರೆ, ಬುಟ್ಟಿ ತಲೆ ಮೇಲೆ ಹೊತ್ತು ಬರುತ್ತಾರೆ. ತರಗಿನ ಚೂರು ಕುತ್ತಿಗೆ, ಬೆನ್ನಿಗೆ ಉದುರುತ್ತಲೇ ಇರುತ್ತದೆ. ಅದರಲ್ಲಿ ಉಣುಗು ಇದ್ದರೆ ಅದಕ್ಕೆ ಹುಲ್ಲಿನ ತುದಿಗೆ ಹತ್ತುವ ಕಷ್ಟವೂ ಇಲ್ಲ. ಆಮೇಲೆ ಆ ರಾಶಿ ಮನೆ ಪಕ್ಕ, ಮಕ್ಕಳು ಆಡುವ ಅಂಗಳದ ಮೂಲೆಯಲ್ಲಿ. ಕಾಡಿಗೇ ಹೋಗದ ಅಜ್ಜಿಗೆ ಹೇಗೆ ಬಂತು ಅಂತ ಆಶ್ಚರ್ಯ ಪಡುತ್ತೇವಲ್ಲ, ಕಾಡು ಬುಟ್ಟಿಯಲ್ಲಿ ಮನೆಗೆ ಬಂದಿರುತ್ತದೆ.

ಹೋಗಬೇಡಿ ಅನ್ನುವುದು ಸುಲಭ. ಹೋಗದಿದ್ದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ನನ್ನ ಅಭಿಪ್ರಾಯ ಸ್ಪಷ್ಟ. ಹೋಗುವವರು ಹೋಗೇ ಹೋಗುತ್ತಾರೆ ಅಂತ ಒಪ್ಪಿಕೊಂಡು ಯೋಜನೆ ಮಾಡಬೇಕು. ಉಣುಗು ಹತ್ತಿರ ಬರದ ಹಾಗೆ ಹಚ್ಚುವ ಎಣ್ಣೆ, ಮೊದಲು ಡಿಎಂಪಿ ಅಂತ ಕೊಡುತ್ತಿದ್ದರು, ಈಗ ಡೆಪಾ ಅಂತ ಬರುತ್ತದೆ, ಅದು ಮಂಗ ಸತ್ತ ಮೇಲೆ ಹಂಚುವಂಥದ್ದಲ್ಲ. ನವೆಂಬರಿನಲ್ಲೇ ಮನೆಯಲ್ಲಿರಬೇಕು. ಒಂದು ಬಾಟಲಿ ಕೊಟ್ಟು ಕೈ ತೊಳೆದುಕೊಂಡರೆ ಆಗಲ್ಲ, ಕೆಲವೇ ಗಂಟೆ ಕೆಲಸ ಮಾಡುವ ಎಣ್ಣೆ ಅದು, ಬೆವರಿಗೆ ಹೋಗುತ್ತದೆ, ಮತ್ತೆ ಹಚ್ಚಬೇಕು. ತೋಟದ ಮಾಲೀಕರಿಗೂ ಹೇಳುತ್ತೇನೆ. ನಿಮ್ಮ ಬೆಟ್ಟಕ್ಕೆ ಕೆಲಸಕ್ಕೆ ಬರುವವರಿಗೆ ಎಣ್ಣೆ ಕೊಡುವುದು, ತುಂಬು ತೋಳಿನ ಅಂಗಿ ಕೊಡುವುದು, ಬಂದ ಮೇಲೆ ಬಿಸಿನೀರು ಸೋಪಿನ ವ್ಯವಸ್ಥೆ ಮಾಡುವುದು ನಿಮ್ಮ ಜವಾಬ್ದಾರಿ. ತರಗಿನ ರಾಶಿ ಮನೆಯಿಂದ ದೂರ ಇರಲಿ. ದನಕ್ಕೆ ಉಣುಗಿನ ಔಷಧ ಪಶು ವೈದ್ಯರನ್ನು ಕೇಳಿ ಹಾಕಿಸಿ. ಮಳೆಗಾಲದಲ್ಲಿ ಬಲಿತ ಉಣುಗು ದನದ ಮೇಲೆ ಇರುವಾಗಲೇ ಹಾಕಿಸಿದರೆ ಮೊಟ್ಟೆಯೇ ಕಡಿಮೆಯಾಗುತ್ತದೆ. ಕಾಯಿಲೆ ಡಿಸೆಂಬರಿನದ್ದು, ಕೆಲಸ ಜುಲೈನದ್ದು. ಆರೋಗ್ಯ ಇಲಾಖೆ, ಪಶುಪಾಲನಾ ಇಲಾಖೆ, ಅರಣ್ಯ ಇಲಾಖೆ ಮೂವರೂ ಒಂದೇ ಮೇಜಿನ ಸುತ್ತ ಮಳೆಗಾಲದಲ್ಲೇ ಕೂರಬೇಕು. ಮಂಗ ಸತ್ತ ಮೇಲೆ ಕೂತರೆ ಒಂದು ಇಡೀ ಊಟ ಮುಗಿಸಿದ ಉಣುಗಿನ ಹಿಂದೆ ಓಡಿದ ಹಾಗೆ.

ಲಸಿಕೆ ವಿಷಯ. 1990ರಿಂದ ಲಸಿಕೆ ಕೊಡುತ್ತಿದ್ದರು, ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಹಲವು ವರ್ಷ ವರ್ಷಕ್ಕೊಂದು. ಶುರುವಿನ ಪರೀಕ್ಷೆಯಲ್ಲಿ ಎರಡು ಡೋಸಿಗೆ ಶೇ 90ಕ್ಕೂ ಮೇಲೆ ರಕ್ಷಣೆ ಅಂದಿದ್ದರು. 2005ರಿಂದ 2010ರ ತನಕದ ಅಂಕಿಅಂಶ ತೆಗೆದು ನೋಡಿದಾಗ ಅದು ಶೇ 62ಕ್ಕೆ ಇಳಿದಿತ್ತು, ಬೂಸ್ಟರ್ ತಗೊಂಡವರಲ್ಲಿ ಶೇ 83. ಚುಚ್ಚಿದ ಕಡೆ ವಿಪರೀತ ನೋವು ಅಂತ ಎಷ್ಟೋ ಜನ ಎರಡನೇ ಡೋಸಿಗೆ ಬರಲೇ ಇಲ್ಲ, ಬೂಸ್ಟರ್ ಇನ್ನೂ ದೂರ. ಕೊನೆಗೆ ಲಸಿಕೆಯ ಗುಣಮಟ್ಟದ ಪ್ರಶ್ನೆ ಎದ್ದು 2022ರ ಹೊತ್ತಿಗೆ ಕೊಡುವುದೇ ನಿಂತಿತು. ಅದು ಸರಿಯಾದ ತೀರ್ಮಾನ ಅಂತಲೇ ನನ್ನ ನಂಬಿಕೆ, ಕೆಲಸ ಮಾಡದ ಲಸಿಕೆ ಸುಳ್ಳು ಧೈರ್ಯ ಕೊಡುತ್ತದೆ. ಆದರೆ ಒಂದು ಲಸಿಕೆ ಸೊರಗುತ್ತಿದೆ ಅಂತ ಗೊತ್ತಾದ ದಿನದಿಂದ ಇನ್ನೊಂದರ ಕೆಲಸ ಶುರುವಾಗಬೇಕಿತ್ತು. ಇದು ಯಾವುದಾದರೂ ಮಹಾನಗರದ ಕಾಯಿಲೆ ಆಗಿದ್ದರೆ ಇಷ್ಟು ಕಾಯಿಸುತ್ತಿದ್ದರಾ? ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸಕ್ಕೆ ಕೈ ಹಾಕಿವೆ. ಬರಲಿ, ಬೇಗ ಬರಲಿ.

ಇನ್ನು ಕೇಳಿದ ಪ್ರಶ್ನೆಗಳು.

ಒಬ್ಬ ಹಿರಿಯರು ಕೇಳಿದರು: "ಮಂಗಗಳನ್ನೆಲ್ಲ ಹಿಡಿದು ದೂರ ಬಿಟ್ಟುಬಿಟ್ಟರೆ ಆಗಲ್ವಾ ಮಾರಾಯ್ರೆ? ತೋಟದ ಕಾಟವೂ ತಪ್ಪುತ್ತೆ."

ತೋಟದ ಕಾಟ ನಿಜ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಕಾಯಿಲೆಗೆ ಇದು ಮದ್ದಲ್ಲ. ನೀವು ಮಂಗವನ್ನು ಸಾಗಿಸಿದರೆ ಅದರ ಮೈಮೇಲಿನ ಉಣುಗನ್ನೂ ಸಾಗಿಸಿದ ಹಾಗೆ. ಕಾಯಿಲೆ ಇಲ್ಲದ ಊರಿಗೆ ನೀವೇ ಕೊಟ್ಟು ಬಂದಿರಿ. ಇಲ್ಲಿ ಇಲಿ ಸುಂಡಿಲಿಗಳಲ್ಲಿ ವೈರಸ್ ಇದ್ದೇ ಇರುತ್ತದೆ, ಅದು ಎದ್ದಾಗ ತಿಳಿಸಲು ಮಾತ್ರ ಯಾರೂ ಇರುವುದಿಲ್ಲ.

"ತರಗಿಗೆ ಬೆಂಕಿ ಕೊಟ್ಟರೆ ಉಣುಗು ಸುಟ್ಟು ಹೋಗುತ್ತಲ್ಲ?" ಅಂತ ಇನ್ನೊಬ್ಬರು.

ಸುಟ್ಟ ಜಾಗದಲ್ಲಿ ಒಂದಷ್ಟು ಸಾಯುತ್ತವೆ, ಹೌದು. ಆದರೆ ದನ, ಮಂಗ, ಇಲಿಗಳ ಮೈಮೇಲೆ ಬೇರೆ ಕಡೆಯಿಂದ ಮತ್ತೆ ಬರುತ್ತವೆ. ಬೆಂಕಿ ಬಿದ್ದ ಕಾಡಿನಲ್ಲಿ ಮುಂದಿನ ಮಳೆಗೆ ಮೊದಲು ಏಳುವುದು ಲಂಟಾನ. ಕಾಡೂ ಹೋಯಿತು, ಇಲಿಗೆ ಮನೆಯೂ ಆಯಿತು.

ಒಬ್ಬ ತಾಯಿ ಕೇಳಿದ್ದು: "ಮನೇಲಿ ಒಬ್ಬರಿಗೆ ಬಂದ್ರೆ ಉಳಿದವರಿಗೆ ಅಂಟುತ್ತಾ? ನಮ್ಮಲ್ಲಿ ತಟ್ಟೆ ಲೋಟ ಎಲ್ಲ ಬೇರೆ ಇಟ್ಟಿದ್ರು."

ಇಲ್ಲಮ್ಮ, ಅಂಟುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ಹರಡುವುದಿಲ್ಲ. ಕಾಯಿಲೆ ಬಿದ್ದವರಿಗೆ ತುಂಬ ನೋವು, ಸುಸ್ತು ಇರುತ್ತದೆ, ಅವರ ಹತ್ತಿರ ಕೂರಬೇಕು, ನೀರು ಕುಡಿಸಬೇಕು. ಇದ್ದಕ್ಕಿದ್ದ ಹಾಗೆ ಚಳಿ ಜ್ವರ, ಹಣೆಯ ಭಾಗದಲ್ಲಿ ತಲೆನೋವು, ಸೊಂಟ ಕಾಲು ಮುರಿದ ಹಾಗೆ ನೋವು, ಕಣ್ಣು ಕೆಂಪು, ಹೀಗಿದ್ದರೆ ಮೊದಲ ದಿನವೇ ಪರೀಕ್ಷೆಗೆ ರಕ್ತ ಕೊಡಿ. ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಅಂಗಡಿಯಲ್ಲಿ ಸಿಕ್ಕ ನೋವಿನ ಮಾತ್ರೆ ನುಂಗಬೇಡಿ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚುತ್ತದೆ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಮರುಕಳಿಸುತ್ತದೆ. ಆಗ ತಲೆನೋವು, ಕೈ ನಡುಕ, ಕುತ್ತಿಗೆ ಬಿಗಿತ ಬರಬಹುದು. ವಾಸಿ ಆಯಿತು ಅಂತ ಬೇಗ ಕೆಲಸಕ್ಕೆ ಕಳಿಸಬೇಡಿ.

ಕೊನೆಗೆ ಒಬ್ಬ ಹುಡುಗ: "ಸತ್ತ ಮಂಗ ಕಂಡ್ರೆ ಸರಿಯಾಗಿ ಏನು ಮಾಡ್ಬೇಕು ಸರ್?"

ಹತ್ತಿರ ಹೋಗಬೇಡ, ಕೋಲಿನಿಂದ ತಿರುವಿ ನೋಡಬೇಡ, ಹೂಳಲೂ ಹೋಗಬೇಡ. ನಾಯಿಯನ್ನು ಆ ಕಡೆ ಬಿಡಬೇಡ. ಆಶಾ ಕಾರ್ಯಕರ್ತೆಗೋ ಅರಣ್ಯ ಗಾರ್ಡಿಗೋ ಪಂಚಾಯಿತಿಗೋ ಅದೇ ದಿನ ತಿಳಿಸು. ನಾಳೆ ಹೇಳಿದರಾಯಿತು ಅನ್ನಬೇಡ, ಬೇಸಿಗೆಯಲ್ಲಿ ಹೆಣ ಬೇಗ ಕೊಳೆಯುತ್ತದೆ, ಕೊಳೆತ ಮೇಲೆ ಪರೀಕ್ಷೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಪಶು ವೈದ್ಯರು ಬಂದು ಮಾದರಿ ತೆಗೆಯುತ್ತಾರೆ, ಹೆಣ ಸುಡುತ್ತಾರೆ, ಸುತ್ತ ಸುಮಾರು 50 ಮೀಟರ್ ಮೆಲಾಥಿಯಾನ್ ಅನ್ನುವ ಕೀಟನಾಶಕ ಪುಡಿ ಹಾಕುತ್ತಾರೆ. ಅದಾದ ಮೇಲೂ ಆ ಬೆಟ್ಟಕ್ಕೆ ಕೆಲವು ವಾರ ದನ ಬಿಡಬೇಡಿ, ತರಗಿಗೆ ಹೋಗಬೇಡಿ. ಯಾವ ಜಾಗ ಅಂತ ಗುರುತು ಇಟ್ಟುಕೊಂಡು ಊರಿನವರಿಗೆಲ್ಲ ಹೇಳು. ತರಗು ಗುಡಿಸಲು ಬೇರೆ ಊರಿನಿಂದ ಬರುವವರಿಗೆ ಮೊದಲು ಹೇಳು, ಅವರಿಗೆ ಸುದ್ದಿ ಯಾವಾಗಲೂ ಕೊನೆಗೆ ಮುಟ್ಟುವುದು.